ಸಾಲ್ಸ್‌ಬರಿ: ಗ್ರೇಡ್ 2 ಮನೆಯ ಗೋಡೆಗೆ ತೇವ. ಇಂಜೆಕ್ಷನ್ ಕೊಡಿಸಬೇಕೋ, ಸಿಮೆಂಟ್ ಕೀಳಬೇಕೋ?

ನಂದಿಬಟ್ಟಲು
ಮನೆ ಇರೋದು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ, ಕ್ಯಾಥೆಡ್ರಲ್ ಕ್ಲೋಸ್‌ನ (ದೊಡ್ಡ ಚರ್ಚಿನ ಸುತ್ತಲಿನ ಆವರಣ) ಗೋಡೆಯ ಹೊರಗೆ, ಸೇಂಟ್ ಆನ್ ಸ್ಟ್ರೀಟ್ ಕಡೆ. ಗ್ರೇಡ್ 2, ಅಂದರೆ ಕಾನೂನಿನ ರಕ್ಷಣೆ ಇರೋ ಹಳೇ (‘ಲಿಸ್ಟೆಡ್’) ಕಟ್ಟಡಗಳ ಪಟ್ಟಿಯಲ್ಲಿದೆ. ಒಳಗೆ ಓಕ್ ಮರದ ಚೌಕಟ್ಟು, ಬೀದಿ ಕಡೆ ಇಟ್ಟಿಗೆ ಮುಖ, ಹಿತ್ತಲ ಗೋಡೆಗೆ ಯಾವುದೋ ಕಾಲದಲ್ಲಿ ಬಳಿದ ಸಿಮೆಂಟ್ ಗಿಲಾವು. ಆ ಹಿತ್ತಲ ಗೋಡೆಯ ಒಳಮೈಯಲ್ಲಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಬಣ್ಣ ಹೊಪ್ಪಳಿಕೆ ಎದ್ದು ಬಿಳಿ ಉಪ್ಪು ಉದುರುತ್ತಿದೆ. ತೇವ ನೋಡಲು ಬಂದವರು ಮೀಟರ್ ಚುಚ್ಚಿ ‘ನೆಲದಿಂದ ಏರುವ ತೇವ’ ಅಂತ ಬರೆದು, ಗೋಡೆಗೆ ತೂತು ಕೊರೆದು ಸಿಲಿಕೋನ್ ಇಂಜೆಕ್ಷನ್, ಒಳಗೆ ನೀರು ತಡೆಯುವ ಗಿಲಾವು ಅಂತ ದರಪಟ್ಟಿ ಕೊಟ್ಟಿದ್ದಾರೆ. ಇದು ಸರಿಯಾ? ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಾಕೋದಾದರೆ ಅನುಮತಿ ಬೇಕಾ? ಖರ್ಚಿಗಿಂತ ಮುಖ್ಯವಾಗಿ, ಮರಕ್ಕೆ ಪೆಟ್ಟಾಗಬಾರದು.

ಗಾರೆಗಚ್ಚು
ಇಂಜೆಕ್ಷನ್ ಬೇಡ. ಸಹಿ ಹಾಕಿಲ್ಲ ತಾನೆ?

ಹಳೇ ಗೋಡೆಯ ಹೊಟ್ಟೆಯೊಳಗೆ ಒಂದೇ ಸಮನಾದ ಇಟ್ಟಿಗೆ ಸಾಲು ಇರೋದಿಲ್ಲ. ಆ ಸೀಮೆಯಲ್ಲಿ ಫ್ಲಿಂಟ್ ಕಲ್ಲು, ಸೀಮೆಸುಣ್ಣದ ಕಲ್ಲು, ಇಟ್ಟಿಗೆ ಚೂರು, ಮಣ್ಣು ಎಲ್ಲ ಸೇರಿರುತ್ತೆ. ಚುಚ್ಚಿದ ದ್ರಾವಣ ಟೊಳ್ಳು ಸಿಕ್ಕ ಕಡೆ ಹರಿದುಹೋಗುತ್ತೆ, ತಡೆಗೋಡೆಯ ಹಾಗೆ ಒಂದು ಗೆರೆಯಾಗಿ ಕೂರೋದೇ ಇಲ್ಲ. ಅದರ ಮೇಲೆ ನೀರು ತಡೆಯುವ ಗಿಲಾವು ಬಳಿದರೆ ಗೋಡೆ ಎರಡೂ ಕಡೆಯಿಂದ ಮುಚ್ಚಿಹೋಯ್ತು. ಹೊರಗೆ ಸಿಮೆಂಟ್, ಒಳಗೆ ಇದು. ನೀರಿಗೆ ಉಳಿಯೋ ದಾರಿ ಮೇಲಕ್ಕೆ ಮಾತ್ರ, ಅಲ್ಲಿರೋದು ನಿಮ್ಮ ಓಕ್ ಮರ.

ಮೀಟರ್ ಬಗ್ಗೆ: ಎರಡು ಸೂಜಿಯ ಮೀಟರನ್ನು ಹದಗೊಳಿಸಿರೋದು ಮರಕ್ಕೆ. ಗೋಡೆಗೆ ಚುಚ್ಚಿದರೆ ಉಪ್ಪಿನಂಶಕ್ಕೂ ಅದು ಕೆಂಪು ತೋರಿಸುತ್ತೆ. ಗೋಡೆಯ ಆಳದಿಂದ ಪುಡಿ ತೆಗೆದು ಕಾರ್ಬೈಡ್ ಪರೀಕ್ಷೆ (ಕಾರ್ಬೈಡ್ ಬೆರೆಸಿ, ಏಳೋ ಅನಿಲದಿಂದ ತೇವ ಅಳೆಯೋದು) ಮಾಡಿಸಿ, ಇಲ್ಲವೇ ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿಸಿ. ಆ ಅಂಕಿ ಇಲ್ಲದ ವರದಿಗೆ ಬೆಲೆಯಿಲ್ಲ.

ಸೀಸದದೋಣಿ
ಗೋಡೆ ಬುಡ ನೋಡೋ ಮೊದಲು ತಲೆ ಎತ್ತಿ ಮಾಡಿನ ಅಂಚು ನೋಡಿ. ಜೋರು ಮಳೆಯಲ್ಲಿ ಹೊರಗೆ ನಿಂತು ಹತ್ತು ನಿಮಿಷ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಎರಕದ ಕಬ್ಬಿಣದ ಇಳಿಗೊಳವೆ ತುಕ್ಕು ಹಿಡಿದು ಬಿರಿಯೋದು ಯಾವಾಗಲೂ ಬೆನ್ನಿನ ಕಡೆ, ಗೋಡೆಗೆ ತಾಗಿದ ಜಾಗದಲ್ಲಿ. ಅಲ್ಲಿಗೆ ಬಣ್ಣದ ಕುಂಚ ಹೋಗಿರೋದಿಲ್ಲ. ಸಣ್ಣ ಕನ್ನಡಿ ಹಿಂದೆ ಹಿಡಿದು ನೋಡಿ. ಬಿರುಕಿದ್ದರೆ ಹೊಸ ಎರಕದ ಕೊಳವೆಯನ್ನೇ ಹಾಕಿಸಿ, ಗೋಡೆಯಿಂದ 30 ಮಿ.ಮೀ. ದೂರ ನಿಲ್ಲೋ ಹಾಗೆ ಬಿಲ್ಲೆ ಇಟ್ಟು ಕೂರಿಸಿ. ಪ್ಲಾಸ್ಟಿಕ್ ಹಾಕಿದರೆ ಅನುಮತಿಯ ಪ್ರಶ್ನೆ ಏಳುತ್ತೆ.

ನೀರಿಳಿಸೋ ಕೆಲಸವನ್ನು ಹಿಂದಿನವರು ಎಷ್ಟು ಆಸ್ಥೆಯಿಂದ ಮಾಡ್ತಿದ್ದರು ಅನ್ನೋದಕ್ಕೆ ಕ್ಲೋಸ್ ಒಳಗಿನ ಮಾಂಪೆಸನ್ ಹೌಸ್ ನೋಡಿ. ಇಳಿಗೊಳವೆಯ ತಲೆಯಲ್ಲಿರೋ ಸೀಸದ ತೊಟ್ಟಿ ಮೇಲೆ ಮನೆ ಕಟ್ಟಿಸಿದವರ ಹೆಸರಿನ ಮೊದಲಕ್ಷರ, ಕೆಳಗೆ 1701 ಅಂತ ಇಸವಿ. ಮನೆಯ ಇಸವಿ ಗೊತ್ತಾಗೋದೇ ಅಲ್ಲಿಂದ.

ಹೊಸಬ_ವಿಲ್ಟ್‌ಶೈರ್
ಗ್ರೇಡ್ 2 ಅಂದ್ರೆ ಹೊರಗಿನ ಮುಖಕ್ಕೆ ಮಾತ್ರ ಅಲ್ವಾ? ಒಳಗೆ ಏನು ಬೇಕಾದ್ರೂ ಮಾಡ್ಬಹುದು ಅಂತ ಕೇಳಿದ್ದೆ.

ಕಾಗದಪತ್ರ
ಖಂಡಿತ ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮೆಟ್ಟಿಲು, ಒಲೆಗೂಡು, ಮರದ ಹಲಗೆ ಹಾಳಾಗಿವೆ.

ದರ್ಜೆ ಯಾವುದೇ ಇರಲಿ, ಇಡೀ ಕಟ್ಟಡ ಪಟ್ಟಿಯಲ್ಲಿದೆ ಅಂತಲೇ ಅರ್ಥ. ಒಳಗೂ, ಹೊರಗೂ, ಅದಕ್ಕೆ ಅಂಟಿಕೊಂಡ ವಸ್ತುಗಳೂ. ಅಂಗಳದೊಳಗಿನ ಕೊಟ್ಟಿಗೆ, ಗೋಡೆ 1948ರ ಜುಲೈ 1ಕ್ಕಿಂತ ಮೊದಲಿನಿಂದ ಇದ್ದರೆ ಅವೂ ಸೇರುತ್ತವೆ. ಇಂಗ್ಲೆಂಡಿನಲ್ಲಿ ಪಟ್ಟಿಯಲ್ಲಿರುವ ಸುಮಾರು 4 ಲಕ್ಷ ನಮೂದುಗಳಲ್ಲಿ ಗ್ರೇಡ್ 1 ಅಂದಾಜು 2.5%, ಎರಡಕ್ಕೆ ನಕ್ಷತ್ರ ಹಾಕಿದ ದರ್ಜೆ 5.8%, ಉಳಿದ ನೂರಕ್ಕೆ 90ಕ್ಕೂ ಹೆಚ್ಚು ಗ್ರೇಡ್ 2. ದರ್ಜೆ ಹೇಳೋದು ಮಹತ್ವವನ್ನು, ರಕ್ಷಣೆಯ ವ್ಯಾಪ್ತಿಯನ್ನಲ್ಲ.

ಒಳಗಿನದೇ ಮುಖ್ಯ ಅನ್ನೋದಕ್ಕೆ ಸಾಲ್ಸ್‌ಬರಿಯಲ್ಲೇ ಉದಾಹರಣೆ ಇದೆ. ನ್ಯೂ ಕೆನಾಲ್ ಬೀದಿಯ ಜಾನ್ ಹ್ಯಾಲ್ ಹಾಲ್ 15ನೇ ಶತಮಾನದ ಉಣ್ಣೆ ವರ್ತಕನ ಮನೆಯ ಹಜಾರ. 1931ರಲ್ಲಿ ಅದು ಸಿನಿಮಾ ಮಂದಿರದ ಮುಂಗೋಣೆಯಾಯ್ತು. ಬೀದಿಗೆ ಕಾಣೋ ಮರದ ಪಟ್ಟಿಯ ಮುಖ 1881ರದ್ದು. ಮುಖ ಮಾತ್ರ ಕಾಪಾಡಿದ್ದರೆ ಅದಕ್ಕಿಂತ 400 ವರ್ಷ ಹಳೆಯದನ್ನು ಬಿಟ್ಟು ಹೊಸದನ್ನು ಉಳಿಸಿಕೊಂಡ ಹಾಗಾಗ್ತಿತ್ತು.

ನಂದಿಬಟ್ಟಲು ಅವರಿಗೆ: ಕಾನೂನು 1990ರ ಲಿಸ್ಟೆಡ್ ಕಟ್ಟಡಗಳ ಕಾಯ್ದೆ. ಕಟ್ಟಡದ ‘ಸ್ವರೂಪಕ್ಕೆ’ ಧಕ್ಕೆ ತರೋ ಬದಲಾವಣೆಗೆ ಒಪ್ಪಿಗೆ ಬೇಕು. ಇದ್ದ ಹಾಗೇ ರಿಪೇರಿ ಮಾಡೋದಕ್ಕೆ ಸಾಮಾನ್ಯವಾಗಿ ಬೇಡ. ಆದರೆ ಸಿಮೆಂಟ್ ಕಿತ್ತು ಸುಣ್ಣ ಹಾಕೋದು ‘ಇದ್ದ ಹಾಗೇ’ ಅಲ್ಲ, ವಸ್ತುವೇ ಬದಲಾಗುತ್ತೆ. ಒಳ್ಳೇ ಬದಲಾವಣೆ ಅನ್ನೋದು ಬೇರೆ ಮಾತು. ವಿಲ್ಟ್‌ಶೈರ್ ಕೌನ್ಸಿಲ್‌ನ ಸಂರಕ್ಷಣಾಧಿಕಾರಿಗೆ ಫೋಟೋ ಸಮೇತ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅರ್ಜಿ ಹಾಕಿ ಅಂದರೂ ಗಾಬರಿ ಬೇಡ, ಲಿಸ್ಟೆಡ್ ಒಪ್ಪಿಗೆಯ ಅರ್ಜಿಗೆ ಶುಲ್ಕವಿಲ್ಲ, ತೀರ್ಮಾನಕ್ಕೆ 8 ವಾರದ ಗಡುವು.

ಒಪ್ಪಿಗೆ ಇಲ್ಲದೆ ಮಾಡಿದರೆ ಕ್ರಿಮಿನಲ್ ಅಪರಾಧ. ಮಿತಿಯಿಲ್ಲದ ದಂಡ, 2 ವರ್ಷದವರೆಗೆ ಜೈಲು. ಸರಿಪಡಿಸಿ ಅಂತ ನೋಟಿಸ್ ಕೊಡೋದಕ್ಕೆ ಕಾಲಮಿತಿಯೇ ಇಲ್ಲ. ಹಳೇ ಮಾಲೀಕರು ಮಾಡಿದ ತಪ್ಪಿಗೂ ಆ ನೋಟಿಸ್ ಬರೋದು ಇವತ್ತಿನ ಮಾಲೀಕರಿಗೆ.

ಹೊಳೆದಂಡೆ
ಗಾರೆಗಚ್ಚು ಹೇಳಿದ್ದು ಸರಿ, ಆದರೆ ನೆಲದ ನೀರನ್ನು ಪೂರ್ತಿ ತಳ್ಳಿಹಾಕಬೇಡಿ. ಇದು ಸಾಲ್ಸ್‌ಬರಿ. ಏವನ್, ನ್ಯಾಡರ್, ಬೋರ್ನ್ ಕೂಡುವ ತಗ್ಗು, ಕೆಳಗೆ ಜಲ್ಲಿ ಪದರ. 123 ಮೀಟರ್ ಶಿಖರ ಹೊತ್ತ ಕ್ಯಾಥೆಡ್ರಲ್‌ನ ಅಡಿಪಾಯವೇ ಸುಮಾರು 1.2 ಮೀಟರ್ ಆಳ, ಆ ಜಲ್ಲಿಯ ಮೇಲೇ ಕೂತಿದೆ. ಒಳಗೆ ನೆಲದ ಒಂದು ಕಲ್ಲು ಎತ್ತಿ ಕೋಲು ಇಳಿಸಿದರೆ ನೀರು ತಾಗುತ್ತೆ.

ಊರಿನ ಬೀದಿಗಳಲ್ಲೇ ಕಾಲುವೆ ಹರೀತಿದ್ದವು. 1849ರ ಕಾಲರಾ ಆದ ಮೇಲೆ 1850ರ ದಶಕದಲ್ಲಿ ಅವನ್ನು ಮುಚ್ಚಿದರು. ಹೀಗೆ ಮುಚ್ಚಿ, ತುಂಬಿ, ಮತ್ತೆ ಮತ್ತೆ ಕಲ್ಲು ಹಾಸಿದ ಊರಲ್ಲಿ ನೆಲದ ಮಟ್ಟ ಏರಿರುತ್ತೆ. ಹಿತ್ತಲಿನ ನೆಲಹಾಸು ಒಳನೆಲಕ್ಕಿಂತ ಎಷ್ಟು ಮೇಲಿದೆ ಅಂತ ಅಳೆಯಿರಿ. ಹೊರನೆಲ ಒಳನೆಲಕ್ಕಿಂತ 150 ಮಿ.ಮೀ. ಕೆಳಗಿರಬೇಕು. ಸಮ ಇದ್ದರೆ ಅಥವಾ ಮೇಲಿದ್ದರೆ ನಿಮ್ಮ ರೋಗ ಅಲ್ಲೇ ಇದೆ.

ತೊಲೆಜಂತೆ
ಹಾಗಾದರೆ ಗೋಡೆ ಬುಡದಲ್ಲಿ ಫ್ರೆಂಚ್ ಡ್ರೇನ್ ತೋಡಿಸಿದರೆ ಮುಗೀತು. 300 ಮಿ.ಮೀ. ಅಗಲ, 20 ಮಿ.ಮೀ. ತೊಳೆದ ಜಲ್ಲಿ, ಕೆಳಗೆ ತೂತಿನ ಕೊಳವೆ.

ಹೊಳೆದಂಡೆ
ಅಲ್ಲೇ ಎಡವೋದು. ಆ ಚರಂಡಿಗೆ 100ಕ್ಕೆ 1ರ ಇಳಿಜಾರು ಬೇಕು, ಕೊನೆಯಲ್ಲಿ ನೀರು ಹೊರಗೆ ಹೋಗೋ ಬಾಯಿ ಬೇಕು. ನೆಲದ ನೀರೇ ಮೇಲಿರೋ ಕಡೆ ಬಾಯಿ ಎಲ್ಲಿಂದ ತರ್ತೀರಿ? ಬಾಯಿಲ್ಲದ ಚರಂಡಿ ಗೋಡೆ ಬುಡದಲ್ಲಿ ಕಟ್ಟಿದ ತೊಟ್ಟಿ. ಮಳೆಗಾಲ ಪೂರ್ತಿ ಪಾಯವನ್ನು ನೆನೆಸಿಡುತ್ತೆ. ಅಡಿಪಾಯಕ್ಕಿಂತ ಆಳ ತೋಡಿದರೆ ಗೋಡೆಯೇ ಕೂರುತ್ತೆ.

ಪಕ್ಕದ ಮನೆಯ ಪಾಯದಿಂದ 3 ಮೀಟರ್ ಒಳಗೆ, ಅದಕ್ಕಿಂತ ಆಳಕ್ಕೆ ಅಗೆದರೆ 1996ರ ಪಾರ್ಟಿ ವಾಲ್ (ನೆರೆಮನೆ ಗೋಡೆ, ಪಾಯದ) ಕಾಯ್ದೆ ಪ್ರಕಾರ ನೆರೆಯವರಿಗೆ ನೋಟಿಸ್ ಬೇರೆ ಕೊಡಬೇಕು. ಈ ಊರು 1220ರಲ್ಲಿ ಹೊಸದಾಗಿ ಹಾಕಿದ ಊರು, 1225ರ ಹೊತ್ತಿಗೆ ನಿವೇಶನದ ಅಳತೆಯೂ ನಿಗದಿಯಾಗಿತ್ತು, 7 ಪರ್ಚ್ ಉದ್ದ 3 ಪರ್ಚ್ ಅಗಲ (ಒಂದು ಪರ್ಚ್ ಅಂದರೆ ಸುಮಾರು 5 ಮೀಟರ್). ಹಿತ್ತಲಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಪುರಾತತ್ವ ಸಿಗೋ ಜಾಗ. ಅಗೆಯೋದನ್ನು ಕೊನೆಗಿಡಿ. ನೆಲಹಾಸು ಇಳಿಸಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಡಿ.

ತೊಲೆಜಂತೆ
ಒಪ್ಪಿದೆ. ಬಾಯಿಯ ವಿಷಯ ಯೋಚಿಸಿರಲಿಲ್ಲ.

ಮರದ ವಿಷಯಕ್ಕೆ ಬರ್ತೀನಿ, ಕೇಳಿದವರ ಚಿಂತೆ ಅದೇ. ಚೌಕಟ್ಟಿನ ಅಡಿ ದಿಂಡು, ಅಂದರೆ ಕಂಬಗಳು ನಿಲ್ಲೋ ಅಡ್ಡ ಮರ, ಸಿಮೆಂಟಿನ ಹಿಂದೆ ಹೂತಿರಬಹುದು. ಮರದ ತೇವ 20% ದಾಟಿದರೆ ಕೊಳೆ ಶುರು. ಕೊಳೆತ ಓಕ್‌ಗೆ ಮರ ಕೊರೆಯೋ ಡೆತ್‌ವಾಚ್ ಹುಳು ಬರುತ್ತೆ, ತೂತು ಸುಮಾರು 3 ಮಿ.ಮೀ. ತೂತು ಕಂಡ ತಕ್ಷಣ ಔಷಧಿ ಹೊಡೆಸಬೇಡಿ, ಎಷ್ಟೋ ತೂತುಗಳು ನೂರಾರು ವರ್ಷ ಹಳೆಯವು. ಕೆಳಗೆ ಕಪ್ಪು ಕಾಗದ ಹಾಸಿ ವಸಂತದಲ್ಲಿ ನೋಡಿ, ಹೊಸ ಪುಡಿ ಬಿದ್ದರೆ ಮಾತ್ರ ಹುಳು ಬದುಕಿದೆ. ಮರ ಒಣಗಿದರೆ ಹುಳುವೂ ಹೋಗುತ್ತೆ.

ಸಣ್ಣ ಚೂಪಾದ ಉಳಿಯಿಂದ ದಿಂಡನ್ನು ಒತ್ತಿ ನೋಡಿ. ಹೊರಗಿನ 10-15 ಮಿ.ಮೀ. ಮೆತ್ತಗಿದ್ದು ಒಳಗೆ ತಿರುಳು ಗಟ್ಟಿ ಇದ್ದರೆ ಹಾಗೇ ಬಿಡಿ. ಪೂರ್ತಿ ಹೋಗಿದ್ದರೆ ಹೋದಷ್ಟನ್ನೇ ಕತ್ತರಿಸಿ ಅದೇ ಜಾತಿಯ ಓಕ್ ತುಂಡನ್ನು ಓರೆ ಸಂದಿನಲ್ಲಿ ಕೂಡಿಸಬೇಕು. ಬೋಲ್ಟು, ಮೊಳೆ ಸ್ಟೇನ್‌ಲೆಸ್ ಆಗಿರಲೇಬೇಕು. ಓಕ್‌ನ ಒಗರು ಸಾಧಾರಣ ಕಬ್ಬಿಣವನ್ನು ತಿಂದುಹಾಕುತ್ತೆ, ಮರವೂ ಸುತ್ತ ಕಪ್ಪಾಗುತ್ತೆ.

ಗಾರೆಗಚ್ಚು
ಈಗ ಸಿಮೆಂಟ್ ತೆಗೆಯೋ ಬಗೆ.

ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಆಗಲೇ ಬಿಟ್ಟುಕೊಂಡಿದೆ, ಅದರ ಹಿಂದೆ ನೀರು ನಿಲ್ಲುತ್ತಿದೆ. ಅಲ್ಲಿ 300 ಮಿ.ಮೀ. ಚೌಕದಷ್ಟು ಮಾತ್ರ ಸುತ್ತಿಗೆ, ಚಪ್ಪಟೆ ಉಳಿಯಲ್ಲಿ ತೆಗೆದು ನೋಡಿ. ಯಂತ್ರದ ಗರಗಸ ಮುಟ್ಟಿಸಲೇಬೇಡಿ. ಸಿಮೆಂಟ್ ಜೊತೆಗೆ ಇಟ್ಟಿಗೆಯ ಮುಖವೇ ಕಿತ್ತು ಬಂದರೆ ಅಲ್ಲಿಗೆ ನಿಲ್ಲಿಸಿ. ಗಟ್ಟಿಯಾಗಿ ಹಿಡಿದಿರೋದನ್ನು ಬಿಡೋದೇ ವಾಸಿ. ಟೊಳ್ಳಾದ ಬುಡದ ಭಾಗ ತೆಗೆದರೂ ಗೋಡೆ ಉಸಿರಾಡುತ್ತೆ.

ಸಂದು ತುಂಬೋದಾದರೆ ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ ಕೆರೆಯಿರಿ, 25 ಮಿ.ಮೀ.ಗಿಂತ ಕಡಿಮೆ ಬೇಡ. ಧೂಳು ತೊಳೆದು, ಸಂದು ಒದ್ದೆ ಮಾಡಿ, ನೀರು ಮಿನುಗೋದು ನಿಂತ ಮೇಲೆ ತುಂಬಿ. ಮಿಶ್ರಣ ಒಂದು ಪಾಲು ಸುಣ್ಣದ ಮುದ್ದೆಗೆ ಮೂರು ಪಾಲು ಒರಟು ಮರಳು. ಒಂದೇ ಗಾತ್ರದ ನುಣ್ಣನೆ ಮರಳು ಹಾಕಿದರೆ ಬಿರುಕು ಬಿಡುತ್ತೆ, ದಪ್ಪ ಸಣ್ಣ ಎಲ್ಲ ಕಾಳು ಇರಬೇಕು. ಮಳೆ ಬಡಿಯೋ ಮುಖಕ್ಕೆ ಎನ್‌ಎಚ್‌ಎಲ್ 2 ಅಥವಾ 3.5, ನೀರಲ್ಲೂ ಗಟ್ಟಿಯಾಗೋ ಸುಣ್ಣ. ಎನ್‌ಎಚ್‌ಎಲ್ 5 ಬೇಡ, ಮೆತ್ತನೆ ಇಟ್ಟಿಗೆಗೆ ಅದು ಸಿಮೆಂಟಿನ ತಮ್ಮ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯೋದಿದ್ದರೆ ಗಾರೆ ಸವೆಯಲಿ, 50 ವರ್ಷಕ್ಕೊಮ್ಮೆ ಮತ್ತೆ ತುಂಬಬಹುದು. ಇಟ್ಟಿಗೆ ಮತ್ತೆ ಬರೋದಿಲ್ಲ.

ಒಳ ಗಿಲಾವು ಮೂರು ಪದರ, 9 ಮಿ.ಮೀ., 9 ಮಿ.ಮೀ., ಕೊನೆಗೆ 3 ಮಿ.ಮೀ. ಮೊದಲೆರಡಕ್ಕೆ ಆಡಿನ ಕೂದಲು ಕಲಸಿ. ಪದರದ ಮೇಲೆ ಉಗುರು ಊರಿದರೆ ಗುರುತು ಬೀಳಬೇಕು, ಬೆರಳು ಒಳಗಿಳಿಯಬಾರದು, ಆಗಲೇ ಮುಂದಿನದು. ಜಿಪ್ಸಮ್ ಬೇಡವೇ ಬೇಡ, ಉಪ್ಪು ತೇವಕ್ಕೆ ಅದು ಉಬ್ಬಿ ಉದುರುತ್ತೆ.

ಮಲೆನಾಡ_ಮನೆ
ನಮ್ಮ ಕಡೆ ಹಳೇ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಿದ್ರಲ್ಲ, ಅದನ್ನು ಇಲ್ಲಿ ಹಾಕಿದರೆ ಗಟ್ಟಿಯಾಗಲ್ವಾ?

ಗಾರೆಗಚ್ಚು
ಬಿಸಿಲ ನಾಡಲ್ಲಿ ಗಾರೆ ಬೇಗ ಒಣಗಿ ಬಿರಿಯದ ಹಾಗೆ, ಕಲಸೋದು ಸುಲಭವಾಗೋ ಹಾಗೆ ಅದನ್ನು ಹಾಕ್ತಿದ್ದರು. ಇಲ್ಲಿನ ತೊಂದರೆ ಉಲ್ಟಾ, ಗಾರೆ ಒಣಗೋದೇ ಇಲ್ಲ. ಸಕ್ಕರೆ ಅಂಶ ಗಟ್ಟಿಯಾಗೋದನ್ನು ಇನ್ನೂ ತಡಮಾಡುತ್ತೆ. ಅದಲ್ಲದೆ ಈ ಗೋಡೆಯಲ್ಲಿ ಮೊದಲು ಏನಿತ್ತೋ ಅದನ್ನೇ ಹಾಕೋದು ನಿಯಮ. ಹಳೇ ಗಾರೆಯ ಒಂದು ಹೆಂಟೆ ಕೊಟ್ಟರೆ ಪ್ರಯೋಗಾಲಯದವರು ಮರಳಿನ ಕಾಳು, ಸುಣ್ಣದ ಪಾಲು ಎಲ್ಲ ಬಿಡಿಸಿ ಹೇಳ್ತಾರೆ.

ಬೆಳಕಿಂಡಿ
ಎಲ್ಲರೂ ಹಿತ್ತಲಲ್ಲೇ ಇದ್ದೀರಿ. ಬೀದಿ ಕಡೆಯ ‘ಇಟ್ಟಿಗೆ ಮುಖ’ ನಿಜವಾದ ಇಟ್ಟಿಗೆಯೇ ಅಂತ ನೋಡಿದ್ದೀರಾ? ಮರದ ಚೌಕಟ್ಟಿನ ಮುಂದೆ ಇಟ್ಟಿಗೆ ಅಂದ ಕೂಡಲೇ ಅನುಮಾನ ಬರಬೇಕು. ಸಾಲ್ಸ್‌ಬರಿಯಲ್ಲಿ ಮ್ಯಾಥಮ್ಯಾಟಿಕಲ್ ಟೈಲ್ಸ್ ಹೊದಿಸಿದ ಮನೆಗಳಿವೆ. ಇಟ್ಟಿಗೆಯ ಹಾಗೇ ಕಾಣೋ ಹೆಂಚು, ಮರದ ಪಟ್ಟಿಗೆ ಮೊಳೆ ಹೊಡೆದು ಮೇಲಿಂದ ಮೇಲೆ ಜೋಡಿಸಿ ಸಂದಿಗೆ ಸುಣ್ಣ ತುಂಬಿರ್ತಾರೆ. ತಟ್ಟಿದರೆ ಟೊಳ್ಳು. ಮನೆಯ ಮೂಲೆ ನೋಡಿ, ಇಟ್ಟಿಗೆಯಾದರೆ ತಿರುಗಿ ಹೆಣೆದುಕೊಳ್ಳುತ್ತೆ, ಹೆಂಚಾದರೆ ಮೂಲೆಯಲ್ಲಿ ಮೇಲಿಂದ ಕೆಳಗೆ ನೆಟ್ಟಗೊಂದು ಮರದ ಪಟ್ಟಿ ಇರುತ್ತೆ. ಇಟ್ಟಿಗೆ ತೆರಿಗೆ ತಪ್ಪಿಸೋಕೆ ಜನ ಮಾಡಿದ ಉಪಾಯ ಅದು.

ಕಾಗದಪತ್ರ
ತೆರಿಗೆ ಕಥೆ ನಿಲ್ಲೋದಿಲ್ಲ. 1784ರಲ್ಲಿ ಇಟ್ಟಿಗೆ ಜೊತೆ ಹೆಂಚಿಗೂ ತೆರಿಗೆ ಬಿತ್ತು. ಹೆಂಚಿನದನ್ನು ತೆಗೆದದ್ದು 1833ರಲ್ಲಿ, ಇಟ್ಟಿಗೆಯದು 1850ರಲ್ಲಿ. ಈ ಹೆಂಚುಗಳು ತೆರಿಗೆಗೆ ಮೊದಲೇ ಇದ್ದವು. ಕಾರಣ ಸರಳ, ಹಳೇ ಮರದ ಮನೆಗೆ ಪೂರ್ತಿ ಇಟ್ಟಿಗೆ ಗೋಡೆಯ ಭಾರ, ಜಾಗ, ಖರ್ಚು ಇಲ್ಲದೆ ಹೊಸ ಕಾಲದ ಮುಖ ಬೇಕಿತ್ತು.

ಬೆಳಕಿಂಡಿ
ಹೆಂಚಿಗೂ ತೆರಿಗೆ ಇತ್ತು ಅನ್ನೋದು ಒಪ್ಪಿದೆ. 1833ರಿಂದ 1850ರ ನಡುವಿನ 17 ವರ್ಷಕ್ಕೆ ಮಾತ್ರ ನನ್ನ ಮಾತು ಹೊಂದಬಹುದು.

ಹೊಸಬ_ವಿಲ್ಟ್‌ಶೈರ್
ಕಿಟಕಿಗೆ ಡಬಲ್ ಗ್ಲೇಸಿಂಗ್? ಚಳಿ ತಡೆಯಕ್ಕಾಗಲ್ಲ ಆ ಒಂಟಿ ಗಾಜಲ್ಲಿ.

ಬೆಳಕಿಂಡಿ
ಹಳೇ ಸ್ಯಾಶ್ ಕಿಟಕಿಯ (ಮೇಲೆ ಕೆಳಗೆ ಜಾರೋ ಕಿಟಕಿ) ಅಡ್ಡಪಟ್ಟಿ 16-18 ಮಿ.ಮೀ. ಅಷ್ಟೇ. ಎರಡು ಗಾಜಿನ ಕಟ್ಟು ಕೂರಬೇಕಾದರೆ ಪಟ್ಟಿ ದಪ್ಪವಾಗಬೇಕು, ಅಂದರೆ ಕಿಟಕಿಯನ್ನೇ ಬದಲಿಸಬೇಕು. ಹಳೇ ಕಿಟಕಿ ಉಳಿದಿರೋ ಮನೆಗೆ ಅದಕ್ಕೆ ಒಪ್ಪಿಗೆ ಸಿಗೋದು ಬಹಳ ಕಷ್ಟ. ಬಿಸಿ ಗಾಜನ್ನು ಊದಿ, ತಿರುಗಿಸಿ ಹರಡಿಸಿದ ಹಾಳೆಯಲ್ಲಿ ಸಣ್ಣ ಬಿಲ್ಲಿನ ಹಾಗೆ ಅಲೆ ಇರುತ್ತೆ. ಸಂಜೆ ಬಿಸಿಲಿಗೆ ಓರೆಯಾಗಿ ನೋಡಿ, ಎದುರು ಮನೆಯ ಗೆರೆಗಳು ನೀರೊಳಗಿನ ಹಾಗೆ ಅಲುಗುತ್ತವೆ. ಒಡೆದರೆ ಅಂಥದ್ದು ಮತ್ತೆ ಸಿಗೋದಿಲ್ಲ.

ಒಳಗಡೆಯಿಂದ ಎರಡನೇ ಗಾಜಿನ ಚೌಕಟ್ಟು ಹಾಕಿಸಿ. ಬಿಸಿ ಸೋರೋದು ಅರ್ಧಕ್ಕಿಂತ ಹೆಚ್ಚು ತಗ್ಗುತ್ತೆ. ಸದ್ದೂ ತಗ್ಗಬೇಕಾದರೆ ನಡುವೆ 100 ಮಿ.ಮೀ. ಬಿಡಿ. ಸ್ಯಾಶ್ ಸಂದುಗಳಿಗೆ ಬ್ರಷ್ ಪಟ್ಟಿ ಕೂರಿಸಿ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಒಣ ಉಜ್ಜಬೇಡಿ.

ಹೊಸಬ_ವಿಲ್ಟ್‌ಶೈರ್
ನಮಗೆ ಇಷ್ಟೆಲ್ಲ ನಿಯಮ, ಕ್ಯಾಥೆಡ್ರಲ್‌ನವರಿಗೆ ಯಾರೂ ಕೇಳೋರಿಲ್ಲ. ಅವರಿಗೆ ವಿನಾಯಿತಿ ಅಂತೆ.

ಕಲ್ಲುಕುಟಿಗ
ವಿನಾಯಿತಿ ಇರೋದು ಲಿಸ್ಟೆಡ್ ಒಪ್ಪಿಗೆಗೆ ಮಾತ್ರ, ಪರಿಶೀಲನೆಗಲ್ಲ. 2011ರ ಕ್ಯಾಥೆಡ್ರಲ್ ಪಾಲನೆಯ ಕಟ್ಟಳೆ ಪ್ರಕಾರ ಪ್ರತಿ ಕ್ಯಾಥೆಡ್ರಲ್‌ಗೂ ತನ್ನದೇ ಸಲಹಾ ಸಮಿತಿ ಇದೆ, ದೊಡ್ಡ ಕೆಲಸಕ್ಕೆ ರಾಷ್ಟ್ರಮಟ್ಟದ ಆಯೋಗದ ಒಪ್ಪಿಗೆ ಬೇಕು. ಹೊರಗೆ ಕಾಣೋ ಬದಲಾವಣೆಗೆ ಕೌನ್ಸಿಲ್‌ನ ಯೋಜನಾ ಅನುಮತಿಯೂ ಬೇಕಾಗುತ್ತೆ. ಕ್ಲೋಸ್ ಒಳಗೆ ಪಾದ್ರಿಗಳು ವಾಸಿಸೋ ಮನೆಗೆ ವಿನಾಯಿತಿಯೇ ಇಲ್ಲ, ಅವರೂ ನಿಮ್ಮ ಹಾಗೇ ಅರ್ಜಿ ಹಾಕಬೇಕು.

ಕೆಲಸದ ಮಟ್ಟಿಗೆ ಅಲ್ಲಿಂದ ಕಲಿಯೋದು ಬಹಳ ಇದೆ. 1986ರಲ್ಲಿ ಶುರುವಾದ ದೊಡ್ಡ ದುರಸ್ತಿ ಮೂರು ದಶಕಕ್ಕೂ ಮೀರಿ ನಡೀತು. ಹಳೇ ಕಬ್ಬಿಣದ ಕೊಂಡಿ ತುಕ್ಕು ಹಿಡಿದರೆ ಹಲವು ಪಟ್ಟು ಉಬ್ಬಿ ಒಳಗಿಂದಲೇ ಕಲ್ಲು ಸೀಳುತ್ತೆ. ಅಂಥದ್ದನ್ನು ತೆಗೆದು ಸ್ಟೇನ್‌ಲೆಸ್ ಹಾಕ್ತಾರೆ. ಹೊಸ ಕಲ್ಲು ಬರೋದು ಚಿಲ್ಮಾರ್ಕ್, ಟಿಸ್‌ಬರಿ ಸುತ್ತಿನ ಅದೇ ಸುಣ್ಣಕಲ್ಲಿನ ಪದರದಿಂದ. ಗಣಿಯಲ್ಲಿ ಮಲಗಿದ್ದ ಹಾಗೇ ಗೋಡೆಯಲ್ಲೂ ಮಲಗಿಸಬೇಕು. ಪದರ ನೆಟ್ಟಗೆ ನಿಲ್ಲಿಸಿದರೆ ಹಿಮಕ್ಕೆ ಪುಸ್ತಕದ ಹಾಳೆ ಹಾಗೆ ಬಿಟ್ಟುಕೊಳ್ಳುತ್ತೆ. ಒಳಗಿನ ಕಪ್ಪು ಪರ್ಬೆಕ್ ಕಂಬ ನೋಡಿ, ಹೆಸರಿಗೆ ಅಮೃತಶಿಲೆ, ನಿಜಕ್ಕೆ ಬಸವನಹುಳುವಿನ ಚಿಪ್ಪು ತುಂಬಿದ ಸುಣ್ಣಕಲ್ಲು. ಹತ್ತಿರ ನಿಂತರೆ ಒಂದೊಂದು ಸುರುಳಿಯೂ ಕಾಣುತ್ತೆ. ಮೇಲಿನ ಗೋಪುರದ ಭಾರಕ್ಕೆ ನಡುವಿನ ಆ ಕಂಬಗಳು ಬಾಗಿರೋದೂ ಬರಿಗಣ್ಣಿಗೆ ಕಾಣುತ್ತೆ.

ಮಲೆನಾಡ_ಮನೆ
ಶಿಖರ ಓರೆ ಅಂತಾರಲ್ಲ, ನಿಜವಾ?

ಕಲ್ಲುಕುಟಿಗ
ನಿಜ. ತುದಿ ಸುಮಾರು 70 ಸೆಂ.ಮೀ. ಸರಿದಿದೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಬಂದು ಅಳೆದು ವರದಿ ಕೊಟ್ಟಿದ್ದರು.

ಸೀಸದದೋಣಿ
ಓರೆ ಇದ್ದರೂ ಅಲುಗದೆ ಇದ್ದರೆ ಚಿಂತೆಯಿಲ್ಲ. ಮನೆಯ ಬಿರುಕಿಗೂ ಇದೇ ಅಳತೆ. ತುಂಬೋ ಮೊದಲು ಗುರುತು ಹಾಕಿ ಒಂದು ವರ್ಷ ಅಳೆಯಿರಿ.

ನಂದಿಬಟ್ಟಲು
ಎಲ್ಲರಿಗೂ ಧನ್ಯವಾದ. ಹಿತ್ತಲ ನೆಲಹಾಸು ಒಳನೆಲಕ್ಕಿಂತ 90 ಮಿ.ಮೀ. ಮೇಲಿದೆ. ಇಳಿಗೊಳವೆ ಹಿಂದೆ ಕನ್ನಡಿ ಹಿಡಿದರೆ ಒಂದು ಗೇಣು ಉದ್ದದ ಬಿರುಕು. ಇಂಜೆಕ್ಷನ್ ಬೇಡ ಅಂತ ತಿಳಿಸಿಯಾಯ್ತು. ಎರಡು ಪ್ರಶ್ನೆ ಉಳಿದಿವೆ: ಲಿಸ್ಟೆಡ್ ಮನೆಗೆ ವ್ಯಾಟ್ ಇಲ್ಲ ಅಂತಾರೆ, ಹೌದಾ? ಇದೆಲ್ಲ ಮುಗಿದ ಮೇಲೆ ಗೋಡೆ ಒಣಗೋಕೆ ಎಷ್ಟು ದಿನ?

ಕಾಗದಪತ್ರ
ಅದು ಹಳೇ ಮಾತು. ಒಪ್ಪಿಗೆ ಪಡೆದ ಬದಲಾವಣೆಗೆ ಸೊನ್ನೆ ದರ ಇತ್ತು, 2012ರ ಅಕ್ಟೋಬರ್ 1ರಿಂದ ಹೋಯ್ತು. ರಿಪೇರಿಗೆ ಯಾವತ್ತೂ ಪೂರ್ತಿ ದರವೇ. 20% ಸೇರಿಸಿಯೇ ಲೆಕ್ಕ ಹಾಕಿ. ಇದ್ದ ಮನೆ ಉಳಿಸೋದಕ್ಕೆ 20%, ಹೊಸ ಮನೆ ಕಟ್ಟೋದಕ್ಕೆ ಸೊನ್ನೆ. ಇದು ಅನ್ಯಾಯ, ಬದಲಾಗಲೇಬೇಕು.

ಗಾರೆಗಚ್ಚು
ಒಣಗೋದು ಅಂದಾಜು ತಿಂಗಳಿಗೆ 25 ಮಿ.ಮೀ. 225 ಮಿ.ಮೀ. ಗೋಡೆಗೆ 9 ತಿಂಗಳು. ಮೊದಲು ಕೊಳವೆ, ಆಮೇಲೆ ನೆಲಹಾಸು, ಆಮೇಲೆ ಸಿಮೆಂಟ್ ತೆಗೆದು ಗೋಡೆ ಬರಿದಾಗಿ ಬಿಡಿ. ಉಪ್ಪು ಹೊರಗೆ ಬರುತ್ತಿರುತ್ತೆ, ಒಣ ಬ್ರಷ್‌ನಲ್ಲಿ ಗುಡಿಸಿ ಹೊರಗೆ ಹಾಕಿ, ನೀರಲ್ಲಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತೆ. ಹೊರಗಿನ ಸುಣ್ಣದ ಕೆಲಸ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ. 5 ಡಿಗ್ರಿಗಿಂತ ಕೆಳಗೆ ಇಳಿದರೆ ಕೈ ಹಾಕಬೇಡಿ, ಹಸಿ ಗಾರೆಯೊಳಗೆ ನೀರು ಹೆಪ್ಪುಗಟ್ಟಿದರೆ ಮಾರ್ಚ್‌ಗೆ ಬೆರಳಲ್ಲಿ ಉದುರುತ್ತೆ. ತುಂಬಿದ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ವಾರವಾದರೂ ತೇವ ಆರದ ಹಾಗೆ ನೋಡಿಕೊಳ್ಳಿ. ಕೊನೆಗೆ ಸುಣ್ಣ ಬಳಿಯಿರಿ, ಹಾಲಿನಷ್ಟು ತೆಳು, ನಾಲ್ಕೈದು ಸಲ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇರಲಿ.

ಹೊಳೆದಂಡೆ
ಗೋಣಿತಾಟು ಗೋಡೆಗೆ ಅಂಟದ ಹಾಗೆ, 50 ಮಿ.ಮೀ. ದೂರ ಕಟ್ಟಿ. ಅಂಟಿದರೆ ಕಲೆ ಉಳಿಯುತ್ತೆ.